ಸ್ಕಾಟ್ಲೆಂಡಿನ ದೊಡ್ಡಮನೆಗೆ ಅಣ್ಣ ದೃಷ್ಟಿ ತೆಗೆದದ್ದು

ಬಿಳಿಕೆರೆ

ನಮ್ಮಣ್ಣನನ್ನು ಕರೆದುಕೊಂಡು ಮೈಸೂರಿನಲ್ಲಿ ಒಂದು ಮದುವೆಗೆ ಹೋಗಿಬರುವಷ್ಟರಲ್ಲಿ ಸಾಕುಸಾಕಾಗಿ ಹೋಗುತ್ತದೆ. ಅಂಥವನನ್ನು ಕಟ್ಟಿಕೊಂಡು ನಾನು ಸ್ಕಾಟ್ಲೆಂಡಿಗೆ ಹೊರಟೆ. ನಾನು ಹುಣಸೂರಿನಿಂದ ಟ್ಯಾಕ್ಸಿಯಲ್ಲಿ ಬರುವುದು, ಅವನು ಸಾಲಿಗ್ರಾಮದ ಹತ್ತಿರವಿರುವ ನಮ್ಮ ತವರೂರಿನಿಂದ ಕೆ.ಆರ್. ನಗರದ ಮೇಲೆ ಬಂದು ಬಿಳಿಕೆರೆಯಲ್ಲಿ ಹತ್ತಿಕೊಳ್ಳುವುದು ಎಂದು ಮಾತಾಗಿತ್ತು. ಹೋಗಿ ನೋಡಿದರೆ ಟೀ ಅಂಗಡಿಯ ಮುಂದೆ ಸಫಾರಿ ಸೂಟು ತೊಟ್ಟು, ಪಕ್ಕದಲ್ಲಿ ಒಂದು ಅಕ್ಕಿ ಚೀಲ ನಿಲ್ಲಿಸಿಕೊಂಡು ಕಾಯುತ್ತಿದ್ದಾನೆ.

“ಇದೇನಣ್ಣ ಇದು?”

“ರಾಜಮುಡಿ ಅಕ್ಕಿ ಕಣವ್ವ. ಒಬ್ರ ಮನೆಗೆ ಬರಿಗೈಲಿ ಹೋಗಾದಾ?”

“ನಾವು ಹೋಗ್ತಿರೋದು ವಿಮಾನದಲ್ಲಿ. ಎತ್ತಿನ ಗಾಡೀಲಲ್ಲ.”

ಅರ್ಧ ಚೀಲ ಟೀ ಅಂಗಡಿಯವನ ಪಾಲಾಯಿತು. ಉಳಿದದ್ದನ್ನು ಅಣ್ಣ ತನ್ನ ಸೂಟ್‌ಕೇಸಿನಲ್ಲಿ ಅಂಗಿ ಪಂಚೆಗಳ ನಡುವೆ ತುರುಕಿದ. ಬೆಂಗಳೂರು ಮುಟ್ಟುವವರೆಗೂ ನನ್ನೊಂದಿಗೆ ಮಾತಿಲ್ಲ. ಆದರೆ ಅವನ ಮೌನಕ್ಕೆ ಕಾರಣ ಅಕ್ಕಿಯಲ್ಲ, ಮನೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ತಾತ ಪಟೇಲರು. ಅವರು ಕಟ್ಟಿಸಿದ ತೊಟ್ಟಿಮನೆಯನ್ನು ಊರವರು ಈಗಲೂ ದೊಡ್ಡಮನೆ ಎಂದೇ ಕರೆಯುತ್ತಾರೆ. ಬಹುಕಾಲ ಹಾಳುಬಿದ್ದು ಬಾವಲಿ ಸೇರಿಕೊಂಡಿದ್ದ ಆ ಮನೆಯನ್ನು ಅಣ್ಣನೂ ನಾನೂ ಸೇರಿ ರಿಪೇರಿ ಮಾಡಿಸಿದೆವು. ಕಂಬಗಳಿಗೆ ಯಾರೋ ಪುಣ್ಯಾತ್ಮರು ಬಳಿದಿದ್ದ ಹಸಿರು ಪೇಂಟನ್ನು ಕೆರೆಸಿದೆವು, ನೆಲಕ್ಕೆ ಮತ್ತೆ ಕೆಂಪು ಗಾರೆ ಹಾಕಿಸಿದೆವು. ಹಳೆಯ ನಾಡಹೆಂಚು ಈಗ ಯಾರೂ ಮಾಡುವುದಿಲ್ಲ. ಆಗ ಊರವರೇ ತಮ್ಮ ತಮ್ಮ ಕೊಟ್ಟಿಗೆಯ ಹೆಂಚು ಇಳಿಸಿ ಕೊಟ್ಟರು. ಕೆಳಗಿನ ಕೇರಿಯ ಕೆಂಪಮ್ಮ, ಹೆಂಗಸರ ಸಂಘವನ್ನು ನಡೆಸುವವಳು, ಎಲ್ಲರಿಗಿಂತ ಹೆಚ್ಚು ಹೆಂಚು ಹೊರಿಸಿ ತಂದಳು. ಮನೆ ಎದ್ದ ಮೇಲೆ ಅದು ಊರಿಗೆಲ್ಲ ತೆರೆದಿರುತ್ತದೆ, ಸಂಘ ಅಲ್ಲೇ ಕೂಡಬಹುದು, ಹೆಣ್ಣುಮಕ್ಕಳು ಅಲ್ಲೇ ಕೂತು ಓದಿಕೊಳ್ಳಬಹುದು ಎಂದು ನಾವಿಬ್ಬರೂ ಮಾತು ಕೊಟ್ಟಿದ್ದೆವು.

ಮನೆ ಎದ್ದಿತು. ನೆಲ ಮುಖ ಕಾಣುವಷ್ಟು ಹೊಳೆಯಿತು. ಅಣ್ಣ ಬಾಗಿಲ ಮೇಲೆ ದೃಷ್ಟಿಬೊಂಬೆ ಕಟ್ಟಿ, ಬೀಗ ಜಡಿದ. ಕೇಳಿದರೆ, “ಒಂದ್ ಸಲ ಒಳಕ್ ಬುಟ್ರೆ ಮುಗೀತು, ಎಲ್ಲಾ ಕೊಳೆ ಮಾಡಾಕ್ತಾರೆ” ಎಂಬ ಒಂದೇ ಉತ್ತರ. ಅವನು ಕೊಳೆ ಎಂದದ್ದು ಬರೀ ನೆಲದ ಮಾತಲ್ಲ ಎಂದು ಊರಿಗೆಲ್ಲ ಗೊತ್ತು. ಕೆಂಪಮ್ಮನಿಗಂತೂ ಚೆನ್ನಾಗಿ ಗೊತ್ತು. ನಾನು ಊರಿಗೆ ಹೋದಾಗಲೆಲ್ಲ ಅವಳು ದಾರಿಗೆ ಅಡ್ಡ ನಿಂತು, “ಬಾಗ್ಲು ಯಾವತ್ತು ತೆಗೀತೀರಿ ಸರೋಜಕ್ಕ?” ಎನ್ನುತ್ತಿದ್ದಳು. ನಾನು ಹುಣಸೂರಿನಲ್ಲಿ ವಿಮೆ ಏಜೆಂಟು. ನಾಲ್ಕು ತಾಲೂಕು ತಿರುಗಿ ಎಂಥೆಂಥ ಜಿಪುಣರಿಂದಲೂ ಹೂಂ ಅನ್ನಿಸಿದವಳು. ಅಣ್ಣನೊಬ್ಬನ ಹತ್ತಿರ ನನ್ನ ಬೇಳೆ ಬೇಯಲಿಲ್ಲ.

ಎಡಿನ್‌ಬರೊ

ನಮ್ಮನ್ನು ಕರೆಸಿಕೊಂಡವಳು ಸ್ಕಾಟ್ಲೆಂಡಿನ ಮೋರಾಗ್. ಎಚ್.ಡಿ. ಕೋಟೆಯಲ್ಲಿ ನಮ್ಮ ಯಜಮಾನರಿಗೆ ಕೆಲಸವಿದ್ದ ಕಾಲದಲ್ಲಿ ಅವಳು ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸಾಗಿದ್ದಳು, ನಮ್ಮ ಪಕ್ಕದ ಮನೆಯಲ್ಲೇ ಬಾಡಿಗೆಗಿದ್ದಳು. ಜನ ಅವಳನ್ನು ಮೋರಗಮ್ಮ ಮಾಡಿಬಿಟ್ಟಿದ್ದರು. ಕನ್ನಡ ಕಲಿತದ್ದು ಕಾಡಂಚಿನ ಹಾಡಿ ಹಳ್ಳಿಗಳಿಂದ ಮಕ್ಕಳನ್ನು ಸೊಂಟದಲ್ಲಿ ಕೂರಿಸಿಕೊಂಡು ಬರುತ್ತಿದ್ದ ಹೆಂಗಸರಿಂದ. ಹೋದ ವರ್ಷ ಕೋಟೆಗೆ ಬಂದವಳು ನಮ್ಮ ದೊಡ್ಡಮನೆಯನ್ನೂ ನೋಡಿ, “ನಮ್ಮೂರಲ್ಲೂ ಇಂತದೇ ಒಂದ್ನ ಮಾಡ್ತಾ ಇವ್ನಿ, ಬನ್ನಿ ನೋಡೀರಂತೆ” ಎಂದಳು. ಬೀಗ ಹಾಕಿದ್ದನ್ನೂ ಅವಳು ನೋಡಿದಳು. ನನಗೆ ಆವತ್ತೇ ಹೊಳೆಯಿತು, ಅಣ್ಣನನ್ನು ಹೇಗಾದರೂ ಮಾಡಿ ಅಲ್ಲಿಗೆ ಎಳೆದುಕೊಂಡು ಹೋಗಬೇಕು ಎಂದು.

ವಿಮಾನ ನಿಲ್ದಾಣದಲ್ಲಿ ಸಾಮಾನು ನೋಡುವ ಹೆಂಗಸೊಬ್ಬಳು ಅಣ್ಣನ ಸೂಟ್‌ಕೇಸ್ ತೆಗೆಸಿದಳು. ಪಂಚೆ ಎತ್ತಿದರೆ ಅಕ್ಕಿ, ಅಂಗಿ ಎತ್ತಿದರೆ ಅಕ್ಕಿ. ಅದರ ಕೆಳಗೆ ಒಂದು ದೊಡ್ಡ ಪೊಟ್ಟಣ ಕುಂಕುಮ. ಇದೇನು ಎಂದು ಕೇಳಿದಳು. ಇಂಗ್ಲಿಷು ನೆನಪಿಗೆ ಬಾರದೆ ಅಣ್ಣ ಬೆರಳು ಅದ್ದಿ ತನ್ನ ಹಣೆಗೇ ಇಟ್ಟುಕೊಂಡು ತೋರಿಸಿದ. ಆಮೇಲೆ ಅವಳ ಹಣೆಯ ಕಡೆಗೂ ಕೈ ಚಾಚಿದ. ನಾನು ತೋಳು ಹಿಡಿದು ಎಳೆದೆ. ಪುಣ್ಯಕ್ಕೆ ಆ ತಾಯಿ ನಕ್ಕು ಕಳಿಸಿದಳು.

ಹೊರಗೆ ಮೋರಾಗ್ ಕೈ ಬೀಸುತ್ತ ನಿಂತಿದ್ದಳು. ಸುತ್ತಲಿನ ಜನ ತಿರುಗಿ ನೋಡುವಂತೆ, “ಬಂದ್ರಾ ಗೌಡ್ರೆ! ಯಾಕ್ ಸರೋಜಕ್ಕ, ಇಷ್ಟೊಂದು ದಪ್ಪ ಆಗ್ಬುಟ್ಟಿದ್ದೀ?” ಎಂದು ಕೂಗಿದಳು. ಐದು ಸಾವಿರ ಮೈಲಿ ಹಾರಿಬಂದರೂ ಈ ಮಾತು ತಪ್ಪಲಿಲ್ಲವಲ್ಲ ಎಂದುಕೊಂಡೆ.

ಮೋರಗಮ್ಮನ ಊರು

ಅವಳ ಊರಿನ ಹೆಸರನ್ನು ಎಷ್ಟು ಸಲ ಹೇಳಿಸಿಕೊಂಡರೂ ನನ್ನ ನಾಲಿಗೆ ತಿರುಗಲಿಲ್ಲ. ಒಂದು ಉದ್ದನೆಯ ಸರೋವರ, ಅದರ ದಡದಲ್ಲಿ ಒಂದೇ ಬೀದಿ, ಬೀದಿಯ ಕೊನೆಯಲ್ಲಿ ಒಂದು ಇಳಿಜಾರು. ದಾರಿಯುದ್ದಕ್ಕೂ ಗುಡ್ಡ, ಗುಡ್ಡದ ಮೇಲೆ ಕುರಿ. “ಇಷ್ಟೊಂದು ನೀರ್ ಮಡಿಕಂಡು ಒಂದ್ ಗದ್ದೆ ಮಾಡಿಲ್ವಲ್ಲ ಈ ಜನ” ಎಂದು ಅಣ್ಣ ಹೊಟ್ಟೆ ಉರಿದುಕೊಂಡ.

ಇಳಿಜಾರಿನ ಮೇಲೆ ಅವರ ದೊಡ್ಡಮನೆ. ಅಬ್ಬಾ, ಅದನ್ನು ನೋಡಿ ನಾನು ಕಾರಿನಿಂದ ಇಳಿಯುವುದನ್ನೇ ಮರೆತೆ. ಬೂದುಬಣ್ಣದ ಕಲ್ಲಿನ ಗೋಡೆ, ಸಾಲು ಸಾಲು ಕಿಟಕಿ, ಮುಂದುಗಡೆ ಬೆಣ್ಣೆ ಬಣ್ಣದ ಅಗಲವಾದ ಮೆಟ್ಟಿಲು. ಸುತ್ತಲಿನ ಭೂಮಿಯೆಲ್ಲ ಒಂದು ಕಾಲಕ್ಕೆ ಆ ಮನೆಯ ಜಮೀನ್ದಾರರದಂತೆ. ಅವರು ಬಿಟ್ಟುಹೋದ ಮೇಲೆ ಚಾವಣಿ ಕುಸಿದು ಒಳಗೆ ಗಿಡ ಎದ್ದಿತ್ತು. ಊರವರೆಲ್ಲ ಒಟ್ಟಾಗಿ ಅದನ್ನು ಕೊಂಡು, ಪ್ರತಿ ಶನಿವಾರ ಕೈಲಾದವರು ಬಂದು ಕೆಲಸ ಮಾಡಿ ಎಬ್ಬಿಸಿ ನಿಲ್ಲಿಸಿದ್ದರು. ಮುಂದಿನ ಶನಿವಾರ ಅದರ ಪ್ರಾರಂಭೋತ್ಸವ.

ನಮ್ಮ ಅಣ್ಣ ಊರ ಪ್ರಮುಖ. ಬೇರೆ ದೇಶದಿಂದ ಬಂದ ಅತಿಥಿ ಬೇರೆ. ಒಂದು ಹಾರ, ಒಂದು ಶಾಲು, ನಾಲ್ಕು ಮಾತು ಇರುತ್ತದೆ ಎಂದು ಅವನು ಮರುದಿನವೇ ಸಫಾರಿ ಸೂಟಿಗೆ ಇಸ್ತ್ರಿ ಮಾಡಿಸಿಕೊಂಡು ತಯಾರಾಗಿಯೇ ಹೋದ. ಮೋರಾಗ್ ಅವನ ಕೈಗೆ ಒಂದು ಬಕೆಟ್ಟು, ಒಂದು ಬ್ರಷ್ಷು ಕೊಟ್ಟಳು.

“ಏನಮ್ಮ ಇದು?”

“ಸುಣ್ಣ, ಗೌಡ್ರೆ. ಅಡುಗೆಮನೆ ಗೋಡೆ ಬಾಕಿ ಐತೆ. ಇಲ್ಲಿ ನೆಂಟ್ರು ಅಂತ ಯಾರೂ ಇಲ್ಲ. ಬಂದೋರೆಲ್ಲ ಕ್ಯಾಮೆ ಮಾಡ್ಬೇಕು.”

ಅಣ್ಣ ನನ್ನ ಮುಖ ನೋಡಿದ. ನಾನು ಕಿಟಕಿಯಿಂದಾಚೆ ನೋಡಿದೆ. ಒಳಗೊಳಗೇ ನನಗೆ ಎಷ್ಟು ಖುಷಿಯಾಯಿತೆಂದರೆ, ಅವನು ಸೂಟು ಕಳಚಿ, ಪಂಚೆ ಉಟ್ಟು ಮೇಲೆತ್ತಿ ಕಟ್ಟುವವರೆಗೂ ನಗು ತಡೆದುಕೊಂಡು ನನಗೆ ಹೊಟ್ಟೆ ನೋವು ಬಂತು. ಆದರೆ ಅವನು ಸುಣ್ಣ ಚೆನ್ನಾಗಿಯೇ ಬಳಿದ. ಅದನ್ನು ಒಪ್ಪಿಕೊಳ್ಳಬೇಕು.

ಆ ವಾರವೆಲ್ಲ ನಾವು ಅಲ್ಲೇ. ಮಧ್ಯಾಹ್ನ ಎಲ್ಲರಿಗೂ ಒಂದೇ ಪಾತ್ರೆಯ ಸೂಪು, ಬ್ರೆಡ್ಡು. ಯಾರ ಪಕ್ಕ ಯಾರು ಕೂತರು ಎಂದು ಯಾರೂ ನೋಡುವುದಿಲ್ಲ. ಅಣ್ಣ ಯಾರಿಗಾದರೂ ಡಿಕ್ಕಿ ಹೊಡೆದರೆ, ಹೊಡೆಸಿಕೊಂಡವರೇ ಸಾರಿ ಅನ್ನುತ್ತಿದ್ದರು. ಅದು ಅವನಿಗೆ ಬಹಳ ಹಿಡಿಸಿತು. ಹಿಡಿಸದೇ ಇದ್ದದ್ದು ನಾಯಿ. ಆ ಊರಿನಲ್ಲಿ ಮನುಷ್ಯರಷ್ಟೇ ನಾಯಿಗಳು, ಎಲ್ಲವೂ ಮಳೆಯಲ್ಲಿ ನೆನೆದು ಕೆಸರು ಕಾಲಿನಲ್ಲೇ ದೊಡ್ಡಮನೆಯ ನಡುಹಜಾರಕ್ಕೆ ಬಂದು ಮೈ ಕೊಡವುತ್ತವೆ. ಅಣ್ಣ ಅಯ್ಯಯ್ಯೋ ಅಯ್ಯಯ್ಯೋ ಎಂದು ಹಿಂದೆ ಹಿಂದೆ ಓಡುತ್ತಾನೆ.

“ನೋಡಣ್ಣ, ಇಲ್ಲಿ ನಾಯಿಗೂ ಬಾಗಿಲು ತೆಗೆದವ್ರೆ” ಎಂದೆ.

ಅವನಿಗೆ ತಾಗಿತು. ಆ ರಾತ್ರಿ ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಅಲ್ಲಿ ಅಣ್ಣನಿಗೆ ಜೊತೆಯಾದವನು ಆಂಗಸ್ ಎಂಬ ಎಪ್ಪತ್ತು ದಾಟಿದ ಮುದುಕ. ಆ ಬೇಸಿಗೆಯೆಲ್ಲ ಮೊಣಕಾಲೂರಿ ಕೂತು, ಮೆತ್ತನೆಯ ಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ ಮುಂಬಾಗಿಲಿನ ಮೆಟ್ಟಿಲುಗಳ ಪಾಚಿ ತೆಗೆದವನು ಅವನೇ. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೂ ಬೆಂಚಿನ ಮೇಲೆ ಕೂತು ಗಂಟೆಗಟ್ಟಲೆ ಸರೋವರ ನೋಡುತ್ತಿದ್ದರು. ಆಂಗಸನ ಅಜ್ಜಿ ಆ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳಂತೆ. ಹಿಂದಿನ ಬಾಗಿಲಿನಿಂದ ಬಂದು ಹಿಂದಿನ ಬಾಗಿಲಿನಿಂದ ಹೋಗಬೇಕು. ಸಾಯುವವರೆಗೂ ಆ ಮುಂದಿನ ಮೆಟ್ಟಿಲು ತುಳಿದಿರಲಿಲ್ಲವಂತೆ. ಮೋರಾಗ್ ಇದನ್ನು ಹೇಳಿದಾಗ ಅಣ್ಣ ತಲೆ ಬಗ್ಗಿಸಿಕೊಂಡು ಸೂಪು ಕುಡಿಯುತ್ತಿದ್ದ. ಕೇಳಿಸಿಕೊಂಡನೋ ಇಲ್ಲವೋ ಗೊತ್ತಾಗಲಿಲ್ಲ.

ಮೆಟ್ಟಿಲು

ಪ್ರಾರಂಭೋತ್ಸವದ ದಿನ ಬೆಳಿಗ್ಗೆ ನಾನು ಸೀರೆ ಉಟ್ಟು, ಅದರ ಮೇಲೆ ಮೋರಾಗಳ ಉಣ್ಣೆ ಕೋಟು ತೊಟ್ಟು ಇಳಿದು ಬಂದರೆ ಅಣ್ಣನೇ ಇಲ್ಲ. ಅವನ ಹಾಸಿಗೆಯ ಪಕ್ಕದಲ್ಲಿ ಕುಂಕುಮದ ಪೊಟ್ಟಣವೂ ಇಲ್ಲ. ಹಿಂದಿನ ದಿನ ಅಂಗಡಿಯ ಮುಂದೆ ರಾಶಿ ಹಾಕಿದ್ದ ಕುಂಬಳಕಾಯಿಗಳನ್ನು ಅವನು ಒಂದೊಂದಾಗಿ ತಟ್ಟಿ ನೋಡುತ್ತಿದ್ದದ್ದು ಆಗ ನೆನಪಾಯಿತು.

ನಾನೂ ಮೋರಾಗೂ ಓಡಿದೆವು. ಕಾಲ ಮೀರಿತ್ತು. ನಮ್ಮ ಕಡೆ ಹೊಸ ಮನೆಗೆ ಹೇಗೆ ಮಾಡುತ್ತಾರೋ ಹಾಗೆಯೇ, ಅಷ್ಟೂ ಶಾಸ್ತ್ರವಾಗಿ, ಅಣ್ಣ ಕುಂಬಳಕಾಯಿಗೆ ತೂತು ಕೊರೆದು, ನೀರಿನಲ್ಲಿ ಕದಡಿದ ಕುಂಕುಮವನ್ನು ಒಳಗೆ ತುಂಬಿ, ಕರ್ಪೂರ ಹಚ್ಚಿ ಇಡೀ ಮನೆಗೆ ನಿವಾಳಿಸಿ, ಮೇಲಿನ ಮೆಟ್ಟಿಲ ಮೇಲೆ ಅಪ್ಪಳಿಸಿಬಿಟ್ಟಿದ್ದ. ಕೆಂಪು ನೀರು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿದು ಬರುತ್ತಿತ್ತು. ಬೆಣ್ಣೆ ಬಣ್ಣದ ಆ ಕಲ್ಲು ಅದನ್ನು ಹೀರಿಕೊಳ್ಳುತ್ತಿತ್ತು. ಅವನು ಮಾತ್ರ ದೊಡ್ಡ ಉಪಕಾರ ಮಾಡಿದವನ ಮುಖ ಹೊತ್ತು ನಿಂತಿದ್ದ.

“ಇಷ್ಟ್ ಚೆಂದದ ಮನೆಗೆ ಒಂದ್ ದೃಷ್ಟಿ ತೆಗ್ದಿಲ್ಲ ಈ ಜನ. ಇವತ್ತು ಎಷ್ಟ್ ಜನದ ಕಣ್ಣು ಬೀಳ್ತದೋ ಏನೋ” ಎಂದ.

ಮೊದಲು ಬಂದ ಹೆಂಗಸೊಬ್ಬಳು ರಕ್ತವೆಂದುಕೊಂಡು ಚೀರಿದಳು. ಇನ್ನಷ್ಟು ಜನ ಬಂದರು. ಮೋರಾಗ್ ಒಬ್ಬೊಬ್ಬರಿಗೂ ಬಿಡಿಸಿ ಹೇಳುತ್ತಿದ್ದಳು. ಒಬ್ಬಳು ನೀರು ತಂದು ಸುರಿದಳು, ಕೆಂಪು ಇನ್ನಷ್ಟು ಅಗಲವಾಯಿತು. ಆಗ ಅಣ್ಣನಿಗೆ ಅರ್ಥವಾಗತೊಡಗಿತು. ಅವನ ಮುಖ ನೋಡಲಾಗಲಿಲ್ಲ ನನಗೆ. ಎಷ್ಟೇ ಜಗಳವಾಡಿದರೂ ಒಡಹುಟ್ಟಿದವನು. ನನಗೆ ಅಳು ಬಂತು.

ಅಷ್ಟರಲ್ಲಿ ಆಂಗಸ್ ಬಂದ. ಟೈ ಕಟ್ಟಿಕೊಂಡಿದ್ದ. ಮೆಟ್ಟಿಲ ಬುಡದಲ್ಲಿ ನಿಂತು ಬಹಳ ಹೊತ್ತು ನೋಡಿದ. ಆಮೇಲೆ ಮೋರಾಗಳ ಹತ್ತಿರ ಏನೋ ಕೇಳಿದ, ಅವಳು ಅಣ್ಣನ ಕಡೆ ತಿರುಗಿದಳು.

“ಗೌಡ್ರೆ, ನಿಮ್ ಊರ ಮನೆಗೂ ಇಂಗೇ ಮಾಡಿದ್ರಾ ಅಂತ ಕೇಳ್ತಾವ್ನೆ.”

“ಹೂಂ ಕಣಮ್ಮ. ಮಾಡ್ದೆ ಇರ್ತೀನಾ?”

“ಅಲ್ಲಿ ಯಾರ್ ಕಣ್ಣು ಬೀಳ್ತದೆ ಅಂತ ಭಯ ನಿಮ್ಗೆ?”

“ಇನ್ಯಾರ್ದು? ಊರೋರ್ದು.”

ಅವಳು ಆ ಉತ್ತರವನ್ನು ಆಂಗಸನಿಗೆ ಮುಟ್ಟಿಸಿದಳು. ಅವನು ಸ್ವಲ್ಪ ಯೋಚಿಸಿ, ಗಡ್ಡ ಕೆರೆದುಕೊಂಡು ಒಂದು ಮಾತು ಹೇಳಿದ. ಮೋರಾಗ್ ಅದನ್ನು ತನ್ನ ಕೋಟೆ ಕನ್ನಡದಲ್ಲಿ ಅಣ್ಣನ ಮುಂದಿಟ್ಟಳು.

“ನಮ್ ಊರೋರೆಲ್ಲ ಈ ಮನೆ ಒಳಗೇ ಇರ್ತಾರಂತೆ. ಈಚೆ ನಿಂತ್ಕಂಡು ಕಣ್ ಹಾಕಾಕೆ ಯಾರ್ ಉಳುದ್ರು ಗೌಡ್ರೆ, ಅಂತಾವ್ನೆ.”

ಆಂಗಸ್ ಕೊಂಕು ನುಡಿದದ್ದಲ್ಲ. ಅವನಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು. ಪಂಚಾಯಿತಿಯಲ್ಲಿ ಎದುರಾಳಿಯನ್ನು ಕೂರಿಸಿ ನಿಲ್ಲಿಸಿ ಮಾತಾಡುವ ನಮ್ಮಣ್ಣ, ಬಗ್ಗಿ ಕುಂಬಳಕಾಯಿಯ ಚೂರು ಆಯತೊಡಗಿದ. ಆಂಗಸ್ ಒಳಗೆ ಹೋಗಿ ತನ್ನ ಬ್ರಷ್ಷನ್ನೂ ಒಂದು ಬಕೆಟ್ಟು ನೀರನ್ನೂ ತಂದು ಅವನ ಮುಂದಿಟ್ಟ. ಇನ್ನೊಂದು ಬ್ರಷ್ಷು ಹಿಡಿದು, ಟೈ ಕಟ್ಟಿದ್ದಂತೆಯೇ ತಾನೂ ಪಕ್ಕದಲ್ಲಿ ಮೊಣಕಾಲೂರಿದ.

ಊರೆಲ್ಲ ಆ ಇಬ್ಬರ ಪಕ್ಕದಿಂದ ಹಾದು, ಕೆಂಪು ತುಳಿದುಕೊಂಡೇ ಒಳಗೆ ಹೋಯಿತು. ಮಕ್ಕಳು, ಮುದುಕಿಯರು, ನಾಯಿಗಳು. ಒಳಗೆ ಪಿಟೀಲು ಶುರುವಾಯಿತು. ಹೋಗುವವರಲ್ಲಿ ಕೆಲವರು ಅಣ್ಣನ ಬೆನ್ನು ತಟ್ಟಿದರು. ನಮ್ಮ ಮನೆತನದ ಒಬ್ಬ ಗಂಡಸು ಇನ್ನೊಬ್ಬರ ಬಾಗಿಲಲ್ಲಿ ಹೀಗೆ ಮೊಣಕಾಲೂರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಲ್ಲು ಕೆಂಪಿನಿಂದ ಗುಲಾಬಿಗೆ ಬಂದು ಅಲ್ಲಿಗೇ ನಿಂತಿತು. ಇಲ್ಲಿಯ ಮಳೆ ಮಿಕ್ಕಿದ್ದನ್ನು ನೋಡಿಕೊಳ್ಳುತ್ತದೆ ಎಂದು ಆಂಗಸ್ ಎದ್ದು, ಅಣ್ಣನನ್ನೂ ಎಬ್ಬಿಸಿ, ತೋಳು ಹಿಡಿದು ಮುಂಬಾಗಿಲಿನಿಂದಲೇ ಒಳಗೆ ಕರೆದೊಯ್ದ. ಅಣ್ಣನ ಪಂಚೆಯಿಂದ ಕೆಂಪು ನೀರು ಆ ಹೊಸ ನೆಲದ ಮೇಲೆಲ್ಲ ತೊಟ್ಟಿಕ್ಕಿತು. ಯಾರೂ ಏನೂ ಅನ್ನಲಿಲ್ಲ.

ವಾಪಸು ರೈಲು

ಎಡಿನ್‌ಬರೊಗೆ ರೈಲಿನಲ್ಲಿ ಬಂದೆವು. ಅಣ್ಣ ಕಿಟಕಿಯ ಪಕ್ಕ ಕೂತು ಕುರಿಗಳನ್ನು ನೋಡುತ್ತಿದ್ದ. ಬಹಳ ಹೊತ್ತಾದ ಮೇಲೆ, ಗಾಜಿನ ಕಡೆಗೇ ಮುಖ ಮಾಡಿಕೊಂಡು ಹೇಳಿದ.

“ಬಾಗ್ಲು ತೆಗ್ಯಾನ ಬುಡು.”

ನನಗೆ ಎದ್ದು ಕುಣಿಯುವಂತಾಯಿತು. ಅಷ್ಟರಲ್ಲಿ ಅವನೇ ಸೇರಿಸಿದ.

“ಸಂಘದೋರು ಹಿತ್ಲು ಬಾಗ್ಲಿಂದ ಬರ್ಲಿ. ಅಡುಗೆಮನೆ ಪಕ್ಕದ ಕೋಣೆ ಕೊಡಾನ.”

ನನಗೆ ಎಲ್ಲಿತ್ತೋ ಸಿಟ್ಟು. “ಹೂಂ, ಆಂಗಸನ ಅಜ್ಜಿ ಬತ್ತಿದ್ಳಲ್ಲ, ಆ ಬಾಗ್ಲಿಂದ್ಲಾ?” ಎಂದೆ. ಎದುರು ಸೀಟಿನವರು ಪೇಪರು ಕೆಳಗಿಳಿಸಿ ನೋಡುವಷ್ಟು ಜೋರಾಗಿಯೇ ಎಂದೆ. ಅಣ್ಣ ಕಣ್ಣು ಮುಚ್ಚಿಕೊಂಡ. ಬೆಂಗಳೂರಿನವರೆಗೂ ಆ ವಿಷಯ ಮತ್ತೆ ಬರಲಿಲ್ಲ. ಬಿಳಿಕೆರೆಯಲ್ಲಿ ಅವನು ಇಳಿದುಹೋದಾಗ, ಇಷ್ಟು ದೂರ ಹೋಗಿಬಂದದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು ಎಂದುಕೊಂಡು ಹುಣಸೂರಿಗೆ ಹೋದೆ.

ನಮ್ಮೂರು

ವಾರ ಕಳೆದು ಅವನದೇ ಫೋನು. “ಬುಧವಾರ ಬಾ. ಕೆಂಪಮ್ಮಂಗೂ ಹೇಳಿವ್ನಿ” ಎಂದ. ಯಾವ ಬಾಗಿಲು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ನಾನು ಹೋದಾಗ ಮುಂಬಾಗಿಲಿನ ಎರಡೂ ಕದ ತೆರೆದಿದ್ದವು. ಅಣ್ಣ ಜಗಲಿಯ ಮೇಲೆ ಪೇಪರು ಹಿಡಿದು ಕೂತಿದ್ದ. ಸಂಘದ ಹೆಂಗಸರು ಬೀದಿಯಲ್ಲೇ ನಿಂತಿದ್ದರು. ಜಗಲಿ ಹತ್ತಿ ಅಭ್ಯಾಸವಿಲ್ಲದ ಕಾಲುಗಳು.

“ಏನ್ ನೋಡ್ತಾ ನಿಂತ್ಕಂಡ್ರಿ? ಒಳಕ್ ಓಗ್ರಮ್ಮ” ಎಂದು ಅಣ್ಣ ಗದರಿದ. ಅವನಿಗೆ ಪ್ರೀತಿಯಿಂದ ಕರೆಯುವುದು ಹುಟ್ಟಿದಾರಭ್ಯ ಗೊತ್ತಿಲ್ಲ.

ಕೆಂಪಮ್ಮ ಮೊದಲು ಹತ್ತಿದಳು. ಹೊಸಿಲ ಹತ್ತಿರ ಒಂದು ಗಳಿಗೆ ನಿಂತು, ಸೆರಗು ಸರಿಮಾಡಿಕೊಂಡು ಬಲಗಾಲಿಟ್ಟಳು. ಅವಳ ಹಿಂದೆ ಉಳಿದವರೆಲ್ಲ ದಡದಡನೆ ನುಗ್ಗಿದರು. ಸ್ವಲ್ಪ ಹೊತ್ತು ಪಿಸುಮಾತು, ಆಮೇಲೆ ನಗು, ಆಮೇಲೆ ಗಲಾಟೆ. ಇಷ್ಟು ದೊಡ್ಡ ಮನೆಗೆ ಒಂದು ಫ್ಯಾನ್ ಬೇಡವೇ ಎಂದು ಒಬ್ಬಳು ಆಗಲೇ ತಕರಾರು ತೆಗೆದಿದ್ದಳು. ಅಡುಗೆಮನೆಯಲ್ಲಿ ಒಲೆ ಹಚ್ಚಿದರು, ಕಾಫಿ ವಾಸನೆ ಜಗಲಿಗೂ ಬಂತು.

ಕೆಂಪಮ್ಮ ಒಂದು ಲೋಟ ಹಿಡಿದು ಹೊರಗೆ ಬಂದಳು. ಅಣ್ಣನ ಮುಂದೆ ನಿಂತಳು. ಎದುರು ಮನೆಯವರು ಕಸ ಗುಡಿಸುವುದನ್ನು ನಿಲ್ಲಿಸಿದರು. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಕಾಲೂರಿ ನಿಂತ. ನಮ್ಮಪ್ಪ ಆ ಕೇರಿಯವರ ಕೈಯ ನೀರು ಮುಟ್ಟಿದವರಲ್ಲ. ಅಣ್ಣನೂ ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಅದು ಅವಳಿಗೂ ಗೊತ್ತು, ಬೀದಿಗೂ ಗೊತ್ತು. ಆದರೂ ಅವಳು ಲೋಟವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನು ಕಂಬ ಹಿಡಿದುಕೊಂಡು ನಿಂತಿದ್ದೆ. ದೇವರೇ, ಇವನಿಗೆ ಒಳ್ಳೆ ಬುದ್ಧಿ ಕೊಡಪ್ಪ ಎಂದುಕೊಂಡೆ.

ಅಣ್ಣ ಪೇಪರು ಮಡಚಿಟ್ಟ. ಲೋಟ ತೆಗೆದುಕೊಂಡ. ಒಂದು ಗುಟುಕು ಕುಡಿದು ಮುಖ ಕಿವುಚಿದ.

“ಸಕ್ರೆ ಹಾಕಾದ್ ಮರ್ತ್‌ಬುಟ್ಯೇನವ್ವ?”

“ನಿಮ್ಗೆ ಶುಗರ್ ಐತಂತಲ್ಲ ಗೌಡ್ರೆ. ಸರೋಜಕ್ಕ ಹೇಳವ್ರೆ.”

ಅಣ್ಣ ನನ್ನನ್ನು ಕೆಕ್ಕರಿಸಿಕೊಂಡು ನೋಡಿದ. ಆಮೇಲೆ ಅಷ್ಟನ್ನೂ ಕುಡಿದು ಮುಗಿಸಿ, ಖಾಲಿ ಲೋಟವನ್ನು ಅವಳ ಕೈಗೇ ಕೊಟ್ಟ.

“ಇನ್ನೊಂದ್ ಲೋಟ ತತ್ತಾ. ಅವ್ಳ್ ಮಾತ್ ಕೇಳ್ಬ್ಯಾಡ, ಸಕ್ರೆ ಹಾಕು” ಎಂದ.